ಹಾಸು ಕೆಚ್ಚುವಾಗ ಕೇಳಿದ ಅಪ್ಪಣೆ

ನನ್ನ ಮೊಮ್ಮಗಳು ಸ್ರವಂತಿಗೆ ಹದಿನೈದು ತುಂಬಿ ಎರಡು ತಿಂಗಳಾತು. ಹೋದ ಮಂಗಳವಾರ ನಾನು ಮಗ್ಗದ ಲಾಳಿಗೆ ನೂಲಿನ ಕಂಡಿಕಿ ಸುತ್ತಕೋತ ಕುಂತಿದ್ದೆ. ಆಕಿ ಬಾಜು ಬಂದು ಕುಂತು, "ಅಜ್ಜಿ, ನಾನು ವಿಕ್ಕಾ ಶುರು ಮಾಡಬೇಕಂತೀನಿ," ಅಂದ್ಳು. ಏನೋ ಕೋರ್ಸ್ ಇರಬೇಕಂತ ತಿಳಿದು, "ಅಲ್ಲಿ ಹಾಸ್ಟೆಲ್ ಐತೇನವ್ವಾ?" ಅಂತ ಕೇಳಿದೆ.

"ಕೋರ್ಸಲ್ಲ ಅಜ್ಜಿ, ಧರ್ಮ. ಚಂದ್ರನ್ನ, ಭೂಮೀನ, ಗಿಡಾ ಬಳ್ಳೀನ ಮೇಣಬತ್ತಿ ಹಚ್ಚಿ ಪೂಜಾ ಮಾಡೋದು. ಯಾರಿಗೂ ಕೇಡು ಮಾಡಬಾರದು ಅನ್ನೋದೇ ಅದರ ದೊಡ್ಡ ನೇಮ."

"ಅಯ್ಯ, ಇದಕ್ಕ ಹೊಸಾ ಹೆಸರ್ಯಾಕ ಬೇಕು? ನಾನು ದಿನಾ ತುಳಸಿಗೆ ನೀರು ಹಾಕ್ತೀನಿ, ಹುಣ್ಣಿವಿಗೆ ಒಪ್ಪತ್ತು ಇರ್ತೀನಿ."

"ನಿಮ್ಮವ್ವ ಮಾಡ್ತಿದ್ಲಂತ ನೀ ಮಾಡ್ತಿ. ನಾನು ಓದಿ, ವಿಚಾರ ಮಾಡಿ, ಆರಿಸಿಕೊಂಡೀನಿ."

ಬಾಯಿ ನೋಡ್ರಿ ಇದರದು! ಸಿಟ್ಟು ಬಂತು, ಖರೇ ಹೇಳ್ತೀನಿ. ಆದ್ರ ಆ ಮಾತಿನ್ಯಾಗ ಸುಳ್ಳೇನಿತ್ತು?

ಆಮ್ಯಾಲ ಅಸಲು ಸಂಗತಿ ಹೊರಗ ಬಂತು. ಇದನ್ನ ಕಲಿಸೋವಾಕಿ ಹೈದರಾಬಾದಿನ್ಯಾಗಿರೋ ವಿಜಯಶ್ರೀ ಅನ್ನೋ ಹೆಣ್ಮಗಳು. ಫೋನಿನ್ಯಾಗೇ ಪಾಠ. ಹದಿನೆಂಟು ತುಂಬದೋರನ್ನ ಮನಿ ಹಿರ್ಯಾರು ಒಪ್ಪಿದ್ರ ಮಾತ್ರ ಸೇರಿಸ್ಕೋತಾಳಂತ. "ಅಪ್ಪಗ ಗೊತ್ತಾದ್ರ ಮುಗೀತು. ನೀನೇ ಹೂಂ ಅಂದುಬಿಡು ಅಜ್ಜಿ. ಇಲ್ಲಂದ್ರ ಮೂರು ವರ್ಷ ಕಾಯಬೇಕು," ಅಂತ ನನ್ನ ಗದ್ದ ಹಿಡ್ಕೊಂಡ್ಳು.

ಫೋನ್ ಹಚ್ಚು ಅಂದೆ. "ಏನ್ರೀ ಮೇಡಂ, ನೀವು ಎಷ್ಟು ವರ್ಷದಾಕಿ ಇದ್ದಾಗ ಇದನ್ನ ಶುರು ಮಾಡಿದ್ರಿ?" ಅಂತ ಜೋರಿಲೇ ಕೇಳಿದೆ.

ಆಕಿ ರಾಯಚೂರು ಕಡೆಯಾಕಿ, ನಮ್ಮಂಗ ಮಾತಾಡ್ತಾಳ. "ಹದಿಮೂರಕ್ಕ ರೀ ಅಮ್ಮಾ. ಕದ್ದು ಮಾಡ್ತಿದ್ದೆ. ನಮ್ಮವ್ವನ ಕೈಯಾಗ ಸಿಕ್ಕುಬಿದ್ದೆ. ನಾ ಸುಳ್ಳು ಹೇಳಿದ್ದಕ್ಕ ಆಕಿ ಒಂದು ವರ್ಷ ನನ್ನ ಕೂಡ ಮಾತು ಬಿಟ್ಲು. ಅದಕ್ಕ ಈ ನೇಮ ಇಟ್ಟೀನಿ. ವಯಸ್ಸು ಎಷ್ಟಾರ ಇರ್ಲಿ, ಮನ್ಯಾಗ ಮುಚ್ಚಿಟ್ಟು ಬರಬಾರದು."

ಹೆಣ್ಮಗಳು ಪರವಾಗಿಲ್ಲ ಅನ್ನಿಸ್ತು. "ಹಂಗಾದ್ರ ನನ್ನ ಹೂಂ ನಡೆಯಂಗಿಲ್ಲ, ಆಕಿ ಅಪ್ಪನ್ನೇ ಕೇಳೋಣ," ಅಂದೆ. ಸ್ರವಂತಿ ಮಾರಿ ಸಪ್ಪಗಾತು.

ನನ್ನ ಮಗ ಶ್ರೀನಾಥ ಕೆಟ್ಟಾಂವಲ್ಲ, ಆದ್ರ ಮೂಗಿನ ತುದೀಗೇ ಸಿಟ್ಟು. ಬ್ಯಾಡಾದ ಮಾತು ಬಂದ್ರ ಚಪ್ಪಲಿ ಮೆಟ್ಟಿಕೊಂಡು ಹೊರಗ ಹೋಗಿಬಿಡ್ತಾನ. ಅಂಥಾಂವಗ ಮಾತು ಹೇಳಾಕ ನೇಕಾರರ ಮನ್ಯಾಗ ಒಂದೇ ದಿನ ಐತಿ, ಹಾಸು ಕೆಚ್ಚೋ ದಿನ. ಮಗ್ಗದ ಮ್ಯಾಲಿನ ಹಳೇ ಹಾಸು, ಅಂದ್ರ ಉದ್ದದ ನೂಲು, ಮುಗಿಯಾಕ ಬಂದಾಗ ಅದರ ಒಂದೊಂದು ಎಳಿಗೂ ಹೊಸಾ ಹಾಸಿನ ಒಂದೊಂದು ಎಳಿ ಕೂಡಿಸಿ, ಬೂದಿ ಹಚ್ಚಿದ ಬೆರಳಿಲೆ ಹೊಸೀಬೇಕು. ಮೂರು ಸಾವಿರದ ಮ್ಯಾಲೆ ಎಳಿ. ಹಿಡಿದಿದ್ದು ಬಿಟ್ಟು ಎದ್ರ ಎಲ್ಲಾ ಸಿಕ್ಕು. ನನ್ನ ಗಂಡಗ ಹೇಳಬೇಕಾದ ಬಿರುಸು ಮಾತೆಲ್ಲಾ ನಾನು ಹಾಸು ಕೆಚ್ಚೋವಾಗೇ ಹೇಳಿ ಮುಗಿಸೀನಿ.

ಸೊಸಿ ನವನೀತಾ ತೊಟ್ಟಿಲ ಕಾರ್ಯಕ್ಕಂತ ಮಕ್ತಲ್‌ಗೆ ಹೋಗಿದ್ಲು. ಫೋನಿನ್ಯಾಗ ಕೇಳಿದ್ದಕ್ಕ, "ಅವರು ಒಪ್ಪಿದ್ರ ನಂದೇನೂ ಇಲ್ರೀ ಅತ್ತಿ," ಅಂದಿದ್ಲು. ಐತವಾರ ಮುಂಜಾನೆ ಆಕಿ ಜಾಗಾದಾಗ ನಾನು ಕುಂತು ಎಳಿ ತೆಗೆದು ಕೊಟ್ಟೆ, ಎದುರಿಗೆ ಶ್ರೀನಾಥ ಹೊಸೆದ. ಅರ್ಧ ಆಗಿತ್ತು. ಸ್ರವಂತಿಗೆ ಕಣ್ಣಸನ್ನಿ ಮಾಡಿದೆ. ಹುಡುಗಿ ಎಲ್ಲಾ ಹೇಳಿದ್ಲು, ಹೊರದೇಶದಾಗ ಇದಕ್ಕ ಮಾಟಗಾತಿಯರ ಧರ್ಮ ಅಂತಾರನ್ನೋದನ್ನೂ ಬಿಡಲಿಲ್ಲ.

"ಬಾಣಾಮತಿ ಕಲೀತಿಯೇನು?" ಅಂತ ಶ್ರೀನಾಥ ಚೀರಿದ. ಏಳಾಕ ಹೋದ, ಎಡಗೈಯಾಗಿನ ಎಳಿ ನೋಡಿದ, ಮತ್ತ ಕುಂತ.

"ಯಾರಿಗೂ ಕೇಡು ಮಾಡಬಾರದಂತ ಐತಿ ಅಪ್ಪಾ."

"ಅದು ನಿನಗ ಗೊತ್ತು. ಓಣಿ ಮಂದಿಗೆ ಯಾರು ಹೇಳ್ತಾರ? ಒಮ್ಮೆ ಹೆಸರು ಬಿತ್ತಂದ್ರ ಹೋಗಂಗಿಲ್ಲ."

ಅವನ ಅಂಜಿಕಿ ಸುಳ್ಳಲ್ಲ. ನನ್ನ ತವರಿನ್ಯಾಗ ಪೆಂಟಮ್ಮ ಅಂತಿದ್ಲು. ಬೇರು ನಾರು ಅರೆದು ಔಷಧ ಕೊಡ್ತಿದ್ಲು, ಅಷ್ಟೇ. ಬಾಣಾಮತಿಯಾಕಿ ಅಂತ ಹೆಸರಿಟ್ರು. ಸಾಯೋತನಕ ಆಕಿ ಮನ್ಯಾಗ ಒಬ್ರೂ ನೀರು ಕುಡೀಲಿಲ್ಲ. ಇದನ್ನ ನಾನೇ ಸ್ರವಂತಿಗೆ ಹೇಳಿದೆ, ತಿಳೀಲಿ ಅಂತ.

"ಅದಕ್ಕ ಹೊರಗ ಯಾರಿಗೂ ಹೇಳಂಗಿಲ್ಲ ಅಜ್ಜಿ," ಅಂದ್ಳು. "ಮನ್ಯಾಗ ಹೇಳೀನಿ, ಸಾಕು."

ಶ್ರೀನಾಥ ಮತ್ತ ಹೊಸೆದ. ನೂರು ಎಳಿ ಆತು, ಇನ್ನೂರಾತು. ಸ್ರವಂತಿ ಉಗುರು ಕಚ್ಚಿಕೋತ ನಿಂತಿದ್ಲು.

"ಎಷ್ಟು ವಯಸ್ಸಾಗಬೇಕಂತ ಇದಕ್ಕ?" ಅಂತ ಕೇಳಿದ.

"ಹದಿನೆಂಟು. ನೀ ಹೂಂ ಅಂದ್ರ ಈಗ್ಲೇ."

"ನನ್ನನ್ನ ಮಗ್ಗದ ಕುಣಿಗೆ ಇಳಿಸಿದಾಗ ನನಗ ಒಂಬತ್ತು ವರ್ಷ," ಅಂದ. "ತುಳಿಯೋ ಕಟ್ಟಿಗಿಗೆ ಕಾಲು ಮುಟ್ಟಿದ್ವು, ಸಾಕು, ವಯಸ್ಸಾತು ಅಂದ್ರು. ನನ್ನ ಯಾರೂ ಕೇಳ್ಲಿಲ್ಲ. ಇದು ಪಾಪ, ಬಂದು ಕೇಳಾಕತ್ತೈತಿ."

ಇಳಿಸಿದಾಕಿ ನಾನೇ. ಅವರಪ್ಪ ಕೆಮ್ಮು ಹಿಡಿದು ಮಲಗಿದ್ರು, ಮಗ್ಗ ನಿಂತಿತ್ತು. ನಾನು ತಲಿ ತಗ್ಗಿಸಿ ಎಳಿ ಕೊಟ್ಟೆ.

ಅವನೇ ಫೋನ್ ಹಚ್ಚಿಸಿದ. ಎರಡೂ ಕೈಯಾಗ ಎಳಿ ಇದ್ದದ್ದಕ್ಕ ಸ್ರವಂತಿ ಕಿವಿಗೆ ಹಿಡಿದ್ಲು. "ಮೇಡಂ, ಸ್ರವಂತಿ ಅಪ್ಪ ಮಾತಾಡ್ತೀನ್ರಿ. ಮಗಳು ಕೇಳ್ಯಾಳ, ಹೂಂ ಅಂದೀನಿ. ಹತ್ತನೇತ್ತಿ ಪರೀಕ್ಷಾಕ್ಕ ಅಡ್ಡಿ ಆಗಬಾರದು. ಬ್ಯಾಡ ಅನ್ನಿಸಿದ ದಿನಾ ಬಿಟ್ರ ನೀವು ಸಿಟ್ಟಾಗಬಾರದು. ಮತ್ತ, ಇದು ನೂಲಿರೋ ಮನಿ ನೋಡ್ರಿ, ಒಳಗ ಮೇಣಬತ್ತಿ ಹಚ್ಚಂಗಿಲ್ಲ. ಏನಿದ್ರೂ ಮಾಳಿಗಿ ಮ್ಯಾಲೆ." ಆ ಕಡಿ ಮೇಡಂ ನಕ್ಕಿದ್ದು ನನಗೂ ಕೇಳಿಸ್ತು. ಸ್ರವಂತಿ ಹಿಂದಿನಿಂದ ಅಪ್ಪನ ಕೊರಳಿಗೆ ಬಿದ್ಲು. "ಏ, ಎಳಿ ಹರೀತಾವ, ಸರಿ ಆಚಿ!" ಅಂತ ಬೈದ, ನಕ್ಕೋತ.

ಎಲ್ಲಾರಿಗೂ ಖುಷಿ, ನನಗ ಮಾತ್ರ ಅವನ ಒಂಬತ್ತು ವರ್ಷದ ಮಾತೇ ತಲ್ಯಾಗ ಕುಂತಿತ್ತು. ತಡಕೊಳ್ಳಾಕ ಆಗ್ಲಿಲ್ಲ.

"ಶ್ರೀನಾಥಾ, ಆವತ್ತು ನಿನ್ನ ಕೇಳಿದ್ರ ಏನಂತಿದ್ದಿ?"

ಒಂದು ಗಳಿಗೀನೂ ತಡ ಮಾಡ್ಲಿಲ್ಲ. "ಬಸ್ ಡ್ರೈವರ್ ಆಗ್ತೀನಿ ಅಂತಿದ್ದೆ, ಅವ್ವಾ. ಗದ್ವಾಲ್ ಬಸ್ಸಿಗೆ."

ಸ್ರವಂತಿ ಬಿದ್ದು ಬಿದ್ದು ನಕ್ಳು. ಅವನೂ ನಕ್ಕ. ನಾನೂ ನಕ್ಕೆ, ನಕ್ಕೋತ ಅತ್ತುಬಿಟ್ಟೆ. ಅವನ್ನ ಕುಣಿಗೆ ಇಳಿಸಿದ ಮ್ಯಾಲೂ ಮೂವತ್ತನಾಲ್ಕು ವರ್ಷ ಒಂದೇ ಮನ್ಯಾಗ ಅದೀವಿ, ಎದುರಾಬದರು ಕುಂತು ಎಷ್ಟೋ ಹಾಸು ಕೆಚ್ಚೀವಿ. ನಾನು ಒಮ್ಮೆನೂ ಕೇಳಿರಲಿಲ್ಲ.