ಹೆಗಲ ಮೇಲಿನ ಚೀಲ

ಮುಂದಿನ ಸೀಟಿನ ಮುದುಕಿ ಹಣೆಗೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತಿದ್ದಾಳೆ, ಘಾಟು ಬಸ್ಸಿಗೆಲ್ಲ ಹರಡಿದೆ, ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಎಂದು ಗಂಗಾಂಬಿಕಾ ತನಗೆ ತಾನೇ ಹೇಳಿಕೊಂಡಳು — ಹಂಪಸಾಗರದಲ್ಲಿ ಹತ್ತಿದಾಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ, ಮುದುಕಿ ಡಬ್ಬಿ ತೆಗೆದದ್ದು ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ, ಇರಲಿ, ಮುಲಾಮಿನದೇ ಅಂತಿಟ್ಟುಕೊಳ್ಳೋಣ — ಸೊಂಟ, ಮೊಣಕಾಲು, ಕುತ್ತಿಗೆ, ನೋವಿಲ್ಲದ ಮನೆ ಈ ಸೀಮೆಯಲ್ಲಿ ಯಾವುದಿದೆ, ವರ್ಷಗಟ್ಟಲೆ ನೋವು ತಿನ್ನುವವರು ಏನು ನುಂಗುತ್ತಾರೆ, ಏನು ಕುಡಿಯುತ್ತಾರೆ, ಅವರ ಮನಸ್ಸು ಹೇಗಿದೆ ಎಂದು ಮನೆಮನೆಗೆ ಹೋಗಿ ಕೇಳಿ ಬರುವ ಸಂಶೋಧನೆಯ ಕೆಲಸ ಅವಳದು, ಕೇಳುವಾಗ ಮುಖದಾಗ ಏನೂ ತೋರಿಸಬ್ಯಾಡ್ರಿ, ನೀವು ಅಯ್ಯೋ ಅಂದ್ರ ಅವರು ಮುಂದಿಂದು ಹೇಳಂಗಿಲ್ಲ ಎಂದು ಮೇಲಧಿಕಾರಿ ಪುಷ್ಪಲತಾ ಮೇಡಂ ಕಲಿಸಿದ್ದರು, ಕಲಿತಳು, ಎಷ್ಟು ಕಲಿತಳೆಂದರೆ ಇವತ್ತು ಮೈಲಮ್ಮನ ಎದುರಿಗೆ ಕೂತಾಗಲೂ ಮುಖ ಅಲ್ಲಾಡಲಿಲ್ಲ. ಹೋದದ್ದು ಮೈಲಮ್ಮನ ಗಂಡ ಪಾಲಾಕ್ಷಪ್ಪನನ್ನು ಎರಡನೇ ಸಲ ಕೇಳಿ ಬರಲು, ಕುರಿ ಕಾಯುವವನು, ಸೊಂಟ ಹಿಡಿದು ಕೂತವನು, ಅವನಿರಲಿಲ್ಲ, ಹೋಗ್ಯಾನವ್ವ, ನೋವಿನ ಗುಳಿಗಿ ನಾಟದಂಗಾತು, ಮ್ಯಾಲೆ ಶೆರೆ ಕುಡುದು ಮಲಗಿದ, ಏಳ್ಲಿಲ್ಲ, ಕಡೀಕಡೀಗೆ ಬಾಳ ನಗ್ತಿದ್ದ, ನೋವು ಕಡಿಮಿ ಆಗೈತಿ ಅಂತಿದ್ದ, ನಾನೂ ಹೌದನ್ಕೊಂಡೆ, ನೋವು ಎಲ್ಲಿಗೂ ಹೋಗಿದ್ದಿಲ್ಲ ತಂಗಿ, ಹೊಂಟಿದ್ದು ಅವನು — ಎನ್ನುತ್ತ ಮೈಲಮ್ಮ ಗೂಡಿನಿಂದ ಉಳಿದ ಗುಳಿಗೆಗಳನ್ನೆಲ್ಲ ಉಡಿಯಲ್ಲಿ ತುಂಬಿಕೊಂಡು ಬಂದಳು, ಸತ್ತವರ ಗುಳಿಗಿ ಮನ್ಯಾಗ ಇಟ್ಕಬಾರ್ದು, ತಿಪ್ಪಿಗೆ ಒಗ್ಯಾಕ ಮನಸ್ಸು ಬರವಲ್ದು, ನೀವು ಒಯ್ರಿ, ಯಾರಿಗರ ಆದೀತು. ಯಾರಿಗಾದರೂ ಆದೀತು. ಹೀಗೇ ಎಲ್ಲರೂ ಕೊಡುತ್ತಾರೆ, ಹೆಪ್ಪು ಕೊಟ್ಟಂತೆ ಗುಳಿಗೆಯನ್ನೂ ಗೋಡೆಯ ಮೇಲಿಂದ ಕೊಡುವ ಜನ, ನಿನಗ ನಾಟಿದ್ದು ನನಗೂ ಕೊಡು ಎನ್ನುವ ಜನ, ಹಾಗೆ ಕೊಡಬೇಡಿ, ಜೀವಕ್ಕೆ ಅಪಾಯ ಎಂದು ಬುದ್ಧಿ ಹೇಳಿದವಳು ಇವಳೇ, ಹಂಗಾದ್ರ ನೀವು ಒಯ್ರಿ ಮೇಡಂ ಎಂದು ಅವರು ಇವಳ ಚೀಲಕ್ಕೇ ಹಾಕಿದರು, ಇಸಿದುಕೊಂಡು ಬಾ ಎಂದು ಕೆಲಸ ಕೊಟ್ಟವರು ಹೇಳಿರಲಿಲ್ಲ, ಒಲ್ಲೆ ಎನ್ನಲು ಇವಳಿಗೆ ಬಾಯಿ ಬರಲಿಲ್ಲ, ಶನಿವಾರ ಆಸ್ಪತ್ರೆಗೆ ಒಪ್ಪಿಸಿದರಾಯಿತು, ಈ ಶನಿವಾರ ಆಗದಿದ್ದರೆ ಮುಂದಿನ ಶನಿವಾರ — ಪಾಲಾಕ್ಷಪ್ಪನ ಗುಳಿಗೆ ಇಡಲೆಂದು ಚೀಲದೊಳಗಿನ ಕವರು ಬಿಚ್ಚಿದಾಗ ಹಿರೇಹಡಗಲಿಯ ಚೌಡಣ್ಣ ಮೊನ್ನೆ ಕೊಟ್ಟ ಗುಳಿಗೆ ಪಟ್ಟಿಗಳು ಕೈಗೆ ಬಂದವು, ತುಂಬಿದ್ದ ಪಟ್ಟಿಗಳು, ತಾನೇ ಕಣ್ಣಾರೆ ಕಂಡು ಹಾಕಿಕೊಂಡವು, ಈಗ ಹಾಳೆ ಹರಿದು ಒಳಗೆ ಏನೂ ಇಲ್ಲ, ಖಾಲಿಯಾದವನ್ನು ಮಡಚಿ, ಮೇಲೆ ಒಂದು ತುಂಬಿದ್ದನ್ನಿಟ್ಟು, ರಬ್ಬರು ಹಾಕಿ, ಇದ್ದ ಹಾಗೇ ಇಡಲಾಗಿತ್ತು.

ಮನೆಯಲ್ಲಿ ಇರುವುದು ಇಬ್ಬರು, ಇವಳು ಮತ್ತು ಗಂಡ ಕೊಟ್ರಸ್ವಾಮಿ, ಮೂರನೆಯವರ ಮೇಲೆ ಹಾಕೋಣವೆಂದರೆ ಬೆಕ್ಕು ಕೂಡ ಇಲ್ಲ. ಜೆಸಿಬಿ ಓಡಿಸಿ ಓಡಿಸಿ ಸೊಂಟದ ಡಿಸ್ಕು ಜರುಗಿ ಕೂತವನು, ಮಲಗಿದರೆ ದಿಂಬು ಕಚ್ಚುತ್ತಿದ್ದವನು, ಈ ಸೊಂಟ ಕಡಿದು ಒಗಿ ಗಂಗಾ ಎನ್ನುತ್ತಿದ್ದವನು, ಈಗ ಕೆಲವು ತಿಂಗಳಿಂದ ಸಂಜೆಗೆ ಬಸ್ ಸ್ಟ್ಯಾಂಡಿಗೇ ಬರುತ್ತಾನೆ, ಇವಳು ಮೆಟ್ಟಿಲಿಳಿಯುವ ಮೊದಲೇ ಕೈ ಚಾಚಿರುತ್ತಾನೆ, ತಾ ಇಲ್ಲೆ, ಹೆಗಲು ನೋಯ್ತೈತಿ — ಬಂದವರ ಕೈಯಿಂದ ಚೀಲ ಇಸಿದುಕೊಳ್ಳುವುದು ಮರ್ಯಾದೆ, ಮನೆಗೆ ಬಂದ ಬೀಗರಿಗೆ ಮಾಡುವ ಮರ್ಯಾದೆ, ಹೆಂಡತಿಗೆ ನಡುಬೀದಿಯಲ್ಲಿ ಯಾವ ಗಂಡ ಮಾಡಿದ್ದಾನೆ ಕೊಟ್ಟೂರಿನಲ್ಲಿ, ನಿಂದೇನು ನಸೀಬವ್ವ, ಗಂಡ ಚೀಲ ಹೊರ್ತಾನ ಎಂದು ಪಕ್ಕದ ಮನೆಯ ನಾಗಲಿಂಗಮ್ಮ ಕೀಟಲೆ ಮಾಡಿದಾಗ ಇವಳು ಸೆರಗು ಸರಿಮಾಡಿಕೊಂಡು ಅರ್ಧ ಹೆಜ್ಜೆ ಮುಂದೆ ನಡೆದಿದ್ದಳು, ಎಷ್ಟು ಹಿಗ್ಗಿತ್ತು ಆಗ, ಈಗ ಆ ಹಿಗ್ಗು ನೆನೆದರೆ ನಾಚಿಕೆಗೆ ಮೈ ಸುಡುತ್ತದೆ. ಇವತ್ತು ಯಾವೂರಿಗೆ ಹೋಗಿದ್ದಿ, ಬಾಳ ಮನಿ ಆದ್ವೇನು ಎಂದು ದಾರಿಯುದ್ದಕ್ಕೂ ಕೇಳುವನು, ಇವಳ ಕೆಲಸದ ಮೇಲೆ ಅಭಿಮಾನ ಎಂದುಕೊಂಡಳು. ಒಂದು ಸಂಜೆ ಅವನನ್ನೇ ಕೂರಿಸಿಕೊಂಡು ಪರರನ್ನು ಕೇಳುವ ಹಾಗೆ ಕೇಳಿದ್ದೂ ಉಂಟು, ನೋವು ಇಲ್ಲದಾಗ್ಲೂ ಗುಳಿಗಿ ತಗೋಬೇಕು ಅನಸ್ತೈತೇನ್ರಿ, ಇಲ್ರೀ ಮೇಡಂ, ನಕ್ಕ, ಮುಂದಿನ ಪ್ರಶ್ನೆ, ಯಾಕರ ಬದುಕೀನಿ ಅನಸ್ತೈತೇನ್ರಿ, ನಗು ನಿಂತಿತು, ಗೋಡೆ ನೋಡಿದ, ಆಮೇಲೆ, ನೀನದೀಯಲ್ಲ — ಮುಖದಲ್ಲಿ ಏನೂ ತೋರಿಸಬಾರದೆಂದು ಕಲಿತವಳು ಅವನ ಮುಖ ಓದುವುದನ್ನು ಯಾಕೆ ಕಲಿಯಲಿಲ್ಲ, ಊರಿಗೆಲ್ಲ ಬೆಳಕು ಹಿಡಿಯುವ ದೀಪದ ಬುಡದಲ್ಲೇ ಕತ್ತಲೆ, ನಿದ್ದೆ ಮಾಡುತ್ತಾನೆ, ನಗುತ್ತಾನೆ, ನೋವು ಕಡಿಮಿ ಆಗೈತಿ ಅಂದನೆಂದು ಬಸವೇಶ್ವರನಿಗೆ ಕಾಯಿ ಒಡೆಸಿ ಬಂದಳಲ್ಲ, ಬಾಳ ನಗ್ತಿದ್ದ, ನಾನೂ ಹೌದನ್ಕೊಂಡೆ, ಮೈಲಮ್ಮನ ಉಡಿ, ಚಾಚಿದ ಆ ಕೈ.

ಕಿಟಕಿಯಿಂದ ಒಗೆದುಬಿಡಲೇ, ಒಗೆದರೆ ಹೊಲದಲ್ಲಿ ಬೀಳುತ್ತವೆ, ಯಾರದೋ ಕುರಿ, ಯಾರದೋ ಮಗು, ಆಮೇಲೆ ಅವನು, ಗುಳಿಗೆ ಸಿಗದ ಅವನು, ದಿಂಬು ಕಚ್ಚಿ ಮಲಗುವನೇ, ಶೆರೆ ಅಂಗಡಿಗೆ ಹೋಗುವನೇ, ಯಾಕರ ಬದುಕೀನಿ ಅನಸ್ತೈತೇನ್ರಿ, ಚಟ ಹತ್ತಿದ ಗುಳಿಗೆ ಒಮ್ಮೆಗೇ ನಿಲ್ಲಿಸಿದರೂ ಕಷ್ಟ, ಡಾಕ್ಟರರ ಕಡೆಯಿಂದಲೇ ಬಿಡಿಸಬೇಕು ಎಂದು ಪುಷ್ಪಲತಾ ಮೇಡಂ ಹೇಳಿದ್ದು ನೆನಪಿದೆ, ಡಾಕ್ಟರ ಮುಂದೆ ಕೂರಿಸಬೇಕೆಂದರೆ ಮೊದಲು ಬಾಯಿಬಿಟ್ಟು ಹೇಳಬೇಕು, ನಿಮ್ಮ ಕಳವು ನನಗ ಗೊತ್ತಾಗೈತ್ರಿ ಅಂತ, ತಂದು ಕೊಟ್ಟಾಕಿ ನಾನಽ ಅಂತ, ಹೇಳಿದರೆ ಆ ಕೈ ನಾಳೆಯಿಂದ ಬರುವುದಿಲ್ಲ, ಹೇಳದಿದ್ದರೆ ಪಾಲಾಕ್ಷಪ್ಪ — ಅತ್ತ ದರಿ, ಇತ್ತ ಪುಲಿ, ನಡುವೆ ತೊಡೆಯ ಮೇಲೆ ಸತ್ತವನ ಗುಳಿಗೆ. ಬಸ್ಸು ತಿರುಗಿತು, ಕೊಟ್ಟೂರು, ಮುದುಕಿ ಮೊಣಕಾಲು ಹಿಡಿದು ಎದ್ದಳು, ಒಬ್ಬೊಬ್ಬರೇ ಇಳಿದರು, ಇಳೀರಿ ಅಕ್ಕಾರ, ಮುಂದ ಹೋಗಂಗಿಲ್ಲ ಎಂದ ಕಂಡಕ್ಟರ್, ಇವಳು ಚೀಲವನ್ನು ಹೊಟ್ಟೆಗವುಚಿಕೊಂಡು ಕೂತೇ ಇದ್ದಾಳೆ, ಯಾಕ ಗಂಗಾ, ಇಳ್ಯವಲ್ಲಿ, ಅವನ ದನಿ, ಬೆಣ್ಣೆಯಂಥ ದನಿ, ತಾ ಇಲ್ಲೆ — ಕಿಟಕಿಯ ಸರಳುಗಳ ನಡುವಿನಿಂದ ಒಳಗೆ ಬಂದಿತ್ತು ಕೈ, ಅವಳ ಭುಜ ಸವರಿಕೊಂಡೇ ಕೆಳಗಿಳಿದು, ಚೀಲದ ಹಿಡಿಕೆ ಹುಡುಕುತ್ತಿತ್ತು, ಆ ಕೈ.