ಬಲಕ್ಕಿದ್ದ ಕೆರೆ

ಸುಂಕದಕಟ್ಟೆ ಬಸ್‌ಸ್ಟಾಪಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದ ಯೋಗಾನಂದನಿಗೆ ಒಂದು ಬಿರುದಿತ್ತು: ಬೆಟ್ಟ ಹತ್ತಿದ ಯೋಗಾನಂದ. ಕೊಟ್ಟುಕೊಂಡವನೂ ಅವನೇ. ರೇಷನ್ ಕಾರ್ಡಿನ ಜೆರಾಕ್ಸಿಗೆ ಬಂದವರ ಜೊತೆಗೂ ಮಾತನ್ನು ಹೇಗೋ ತಿರುಗಿಸಿ ಹುಲಿಮಂಚಿ ಬೆಟ್ಟಕ್ಕೆ ತರುತ್ತಿದ್ದ. ಆ ವನ್ಯಧಾಮದ ಘಾಟಿಯನ್ನು ಸೈಕಲ್ ತುಳಿದೇ ಹತ್ತಿದ ಕತೆ ಹೇಳಿ, ತಾನೇ ಬರೆದು, ತಾನೇ ಜೆರಾಕ್ಸ್ ಹೊಡೆದು, ತಾನೇ ಪಿನ್ನು ಹಾಕಿದ ಇಪ್ಪತ್ತು ಪುಟದ ಪುಸ್ತಕವನ್ನು ಕೈಗಿಡುತ್ತಿದ್ದ. ಇಪ್ಪತ್ತೆರಡು ಕಿಲೋಮೀಟರಿನ ಏರಿನಲ್ಲಿ ಯಾವ ತಿರುವಿಗೆ ಏನಿದೆ, ನೀರು ಎಲ್ಲಿ ಸಿಗುತ್ತದೆ, ಎಲ್ಲವೂ ಅದರಲ್ಲಿತ್ತು. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿದ್ದ: ಬೇಕಾಗುವ ಸಮಯ ಐವತ್ತು ನಿಮಿಷ.

ಐವತ್ತು ನಿಮಿಷ ಹಿಡಿದದ್ದೇನೋ ನಿಜ. ಆದರೆ ಅದು ಇಳಿಯುವುದಕ್ಕೆ. ತೊಂಬತ್ತೆಂಟರಲ್ಲಿ ಅವನು ಭಾರಿ ಹುಮ್ಮಸ್ಸಿನಿಂದ ಹೊರಟು ಎರಡನೇ ತಿರುವಿನಲ್ಲೇ ಏದುಸಿರು ಬಿಡುತ್ತ ಮೋರಿಕಟ್ಟೆಯ ಮೇಲೆ ಕೂತಿದ್ದ. ಅಷ್ಟರಲ್ಲಿ ಸರ್ಕಾರಿ ಬಸ್ಸು ಬಂತು. ಸೈಕಲ್ಲನ್ನು ಟಾಪಿಗೆ ಕಟ್ಟಿ, ಕಿಟಕಿ ಪಕ್ಕ ಕೂತು, ಗಾಳಿ ಕುಡಿಯುತ್ತ ಮೇಲೆ ಹೋದ. ಮರುದಿನ ಝುಮ್ಮನೆ ಇಳಿಯುತ್ತ, ಅಲ್ಲಲ್ಲಿ ನಿಂತು ಟಿಪ್ಪಣಿ ಮಾಡಿಕೊಂಡ. ಮನೆಗೆ ಬಂದವನು ಆ ಟಿಪ್ಪಣಿಯನ್ನೇ ಕೊನೆಯಿಂದ ಮೊದಲಿಗೆ ನಕಲು ಮಾಡಿದ. ಆಯಿತಲ್ಲ, ಹತ್ತಿದ ಹಾಗೇ ಆಯಿತು. ಎಂಟು ವರ್ಷ ಇದನ್ನು ಯಾರೂ ಕೆದಕಲಿಲ್ಲ. ಸುಂಕದಕಟ್ಟೆಯಿಂದ ಬೆಟ್ಟ ಹತ್ತಲು ಹೋಗುವವರಾದರೂ ಯಾರಿದ್ದರು?

ಹೋಗುವವಳು ಮನೆಯಲ್ಲೇ ಬೆಳೆಯುತ್ತಿದ್ದಳು. ಮಗಳು ದಿವ್ಯ ಡಿಗ್ರಿ ಸೇರಿದ ವರ್ಷ ಗೇರ್ ಸೈಕಲ್ ಕೊಂಡು, ವಿಜಯನಗರದ ಭಾನುವಾರದ ಸೈಕಲ್ ಗುಂಪಿಗೆ ಸೇರಿದಳು. ಗುಂಪಿನ ಮುಂದಾಳು ವೀರೇಶ, ಕೊಪ್ಪಳದ ಕಡೆಯಿಂದ ಬಂದು ಹೆಗ್ಗನಹಳ್ಳಿಯಲ್ಲಿ ರೂಮು ಮಾಡಿಕೊಂಡು ಕೊರಿಯರ್ ಕೆಲಸ ಮಾಡುತ್ತಿದ್ದ ಹುಡುಗ. ಒಂದು ಸಂಜೆ ಇಬ್ಬರೂ ಅಂಗಡಿಗೆ ಬಂದರು.

"ಅಪ್ಪ, ಹುಲಿಮಂಚಿಗೆ ಪರ್ಮಿಷನ್ ಸಿಕ್ತು. ಎರಡು ದಿನದ ಟೂರು, ಒಂಬತ್ತು ಜನ. ನಿನ್ನ ಹೆಸರೂ ಸೇರಿಸಿದೀನಿ, ನೀನೇ ಗೈಡು."

"ಐವತ್ತ ನಿಮಿಷದಾಗ ಹೆಂಗ ಹತ್ತಿದ್ರಿ ಸರ?" ಎಂದ ವೀರೇಶ, ಪುಸ್ತಕ ತಿರುವುತ್ತ. "ನನಗ ಎರಡು ತಾಸು ಬೇಕಾಗ್ತಾವು ಅನ್ನಸ್ತದ."

"ನಮ್ಮಪ್ಪನ ಸ್ಟಾಮಿನಾ ನಿಮಗೆ ಗೊತ್ತಿಲ್ಲ," ಎಂದಳು ದಿವ್ಯ. ಆ ಮಾತಿನಲ್ಲಿದ್ದ ಹೆಮ್ಮೆ ಕೇಳಿ ಯೋಗಾನಂದನ ಎದೆ ಉಬ್ಬಿತು. ನಿಜ ಹೇಳಿಬಿಡು ಎಂದು ಮನಸ್ಸು ಹೇಳಿತು. ಬಾಯಿ ಮಾತ್ರ, "ಆಗ ವಯಸ್ಸಿತ್ತು ಕಣಪ್ಪ," ಅಂದುಬಿಟ್ಟಿತು.

ಹೊರಡುವ ದಿನ ಹೆಂಡತಿ ಜಲಜಾ ಚಿತ್ರಾನ್ನದ ಡಬ್ಬಿಯನ್ನು ಚೀಲಕ್ಕೆ ಹಾಕುತ್ತ, ಮಗಳಿಗೆ ಕೇಳದ ಹಾಗೆ, "ಹಗ್ಗ ಬೇಡ್ವಾ?" ಎಂದಳು.

"ಯಾವ ಹಗ್ಗ?"

"ಹೋದ್ ಸಲ ಬಟ್ಟೆ ಒಣಗಿಸೋ ಹಗ್ಗ ಬಿಚ್ಕೊಂಡ್ ಹೋಗಿದ್ರಲ್ಲ. ಅದ್ರ ತುಂಬಾ ಬಸ್ ಗ್ರೀಸು ಬಳ್ಕೊಂಡಿತ್ತು, ತೊಳೆಯೋಕೇ ಒಂದ್ ಗಂಟೆ ಹಿಡೀತು ನನಗೆ."

ಎಂಟು ವರ್ಷದಿಂದ ಗೊತ್ತಿದ್ದೂ ಇವಳು ಉಸಿರೆತ್ತಿಲ್ಲ. ಯೋಗಾನಂದ ಏನೂ ಕೇಳಿಸದವನ ಹಾಗೆ ಬೂಟಿನ ದಾರ ಕಟ್ಟತೊಡಗಿದ.

ಬೆಟ್ಟದ ಬುಡದ ಚೆಕ್‌ಪೋಸ್ಟಿಗೆ ಟೆಂಪೋದಲ್ಲಿ ತಲುಪಿದಾಗ ಎಂಟು ಗಂಟೆ. ಗಾರ್ಡ್ ಚಿಕ್ಕಣ್ಣ ಚೀಟಿಗೆ ಸೀಲು ಹಾಕಿ ಹೇಳಿದ: "ಒಂದೇ ಚೀಟಿ, ಒಂಬತ್ ಜನ. ಹನ್ನೊಂದಕ್ಕೆ ಮೇಲಿನ ಗೇಟ್ ಹಾಕ್ತಾರೆ, ಆಮೇಲೆ ಆನೆ ಓಡಾಡೋ ಹೊತ್ತು. ಅಷ್ಟರೊಳಗೆ ಒಂಬತ್ತೂ ಜನ ಒಳಗಿರ್ಬೇಕು. ಒಬ್ರು ಕಮ್ಮಿ ಆದ್ರೂ ಎಲ್ರೂ ವಾಪಸ್ಸು."

"ಐವತ್ತು ನಿಮಿಷ ಸಾಕಲ್ವಾ," ಎಂದಳು ದಿವ್ಯ. "ಆರಾಮಾಗಿ ತಿಂಡಿ ತಿಂದು ಒಂಬತ್ತೂವರೆಗೆ ಬಿಡೋಣ."

ಯೋಗಾನಂದನ ಜೀವ ಬಾಯಿಗೆ ಬಂತು. "ಬಿಸಿಲು ಕಣಮ್ಮ, ಈಗ್ಲೇ ಬಿಡೋಣ," ಎಂದು ಹಠ ಹಿಡಿದು ಎಲ್ಲರನ್ನೂ ಎಬ್ಬಿಸಿದ. ಒಂದು ಸುಳ್ಳನ್ನು ಮುಚ್ಚಲು ಎಂಟು ಜನರ ಇಡ್ಲಿ ತಪ್ಪಿಸಿದ ಮಹಾನುಭಾವ. ಇಡ್ಲಿ ಹೋದರೆ ಹೋಗಲಿ, ಈ ಟೂರಿಗಾಗಿ ಮಗಳು ಮೂರು ತಿಂಗಳು ಅರಣ್ಯ ಇಲಾಖೆಗೆ ಅಲೆದಿದ್ದಳು. ಅದೊಂದು ಕೆಡಬಾರದು ಎಂದು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದ.

ಎರಡನೇ ತಿರುವಿನಲ್ಲಿ ಹಳೇ ಮೋರಿಕಟ್ಟೆ ಹಾಗೇ ಇತ್ತು. ಇವನ ಶ್ವಾಸಕೋಶವೂ ಹಾಗೇ ಇತ್ತು, ಎಂಟು ವರ್ಷ ಹಳತಾಗಿತ್ತು ಅಷ್ಟೇ. ಹುಡುಗರು ಮುಂದೆ ಹೋದರು. ದಿವ್ಯ ಹಿಂದೆ ಉಳಿದು, "ಅಪ್ಪ, ಪುಸ್ತಕದಲ್ಲಿ ಬೋರ್‌ವೆಲ್ ಎಡಕ್ಕೆ ಅಂತಿದೆ. ಇಲ್ಲಿ ಬಲಕ್ಕಿದೆ," ಎಂದಳು.

"ಹೊಸದಾಗಿ ಹಾಕ್ಸಿರ್ಬೇಕು."

ಮುಂದಿನ ತಿರುವಿನಲ್ಲಿ ಹುತ್ತ. ಅದೂ ಅದಲುಬದಲು. ಹುತ್ತವನ್ನು ಯಾರು ಹೊಸದಾಗಿ ಹಾಕಿಸುತ್ತಾರೆ? ಆಗ ಹೊಳೆಯಿತು ಯೋಗಾನಂದನಿಗೆ. ಜಾಣ ಲೇಖಕ ಪುಟಗಳನ್ನೇನೋ ತಿರುಗಿಸಿದ್ದ, ಎಡಬಲಗಳನ್ನು ತಿರುಗಿಸಲು ಮರೆತಿದ್ದ. ಬೆಟ್ಟದ ಪ್ರತಿ ತಿರುವೂ ಅವನ ಮೇಲೆ ಸಾಕ್ಷಿ ಹೇಳಲು ಕಾದಿತ್ತು. "ನೀನು ಹೋಗಮ್ಮ, ನಾನು ನಿಧಾನಕ್ಕೆ ಬರ್ತೀನಿ," ಎಂದು ಮಗಳನ್ನು ಸಾಗಹಾಕಿದ.

ಹತ್ತೂಕಾಲಾಯಿತು. ಇನ್ನೂ ಅರ್ಧ ದಾರಿ ಬಾಕಿ, ಸೈಕಲ್ಲು ತುಳಿಯುವುದು ನಿಂತು ತಳ್ಳುವುದು ಶುರುವಾಗಿ ತುಂಬ ಹೊತ್ತಾಗಿತ್ತು. ನೀರಿಗೆಂದು ಚೀಲಕ್ಕೆ ಕೈ ಹಾಕಿದರೆ, ಡಬ್ಬಿಯ ಕೆಳಗೆ ಅಚ್ಚುಕಟ್ಟಾಗಿ ಸುತ್ತಿಟ್ಟ ಹಗ್ಗ. ಅದೇ ಹೊತ್ತಿಗೆ ಕೆಳಗಿನಿಂದ ಬಸ್ಸಿನ ಹಾರ್ನ್ ಕೇಳಿಸಿತು.

"ಟಾಪಿಗೆ ಹಾಕ್ಲಾ ಸಾರ್? ಹಗ್ಗ ಇದ್ಯಾ?" ಎಂದ ಕಂಡಕ್ಟರ್.

ಇತ್ತು. ಹತ್ತಿ ಕೂತವನು ಲೆಕ್ಕ ಹಾಕಿದ. ಗೇಟಿಗೆ ಒಂದು ತಿರುವು ಮುಂಚೆ ಇಳಿಯುವುದು, ಹಣೆಗೆ ಒಂದಿಷ್ಟು ನೀರು ಚಿಮುಕಿಸಿಕೊಳ್ಳುವುದು, ಆಮೇಲೆ ತುಳಿಯುತ್ತ ಹೋಗಿ ಚಪ್ಪಾಳೆ ತಗೊಳ್ಳುವುದು. ಟೂರೂ ಉಳಿಯಿತು, ಮಾನವೂ ಉಳಿಯಿತು. ಬೇವರ್ಸಿ ಬುದ್ಧಿ ಎಷ್ಟು ಚುರುಕಾಗಿ ಓಡುತ್ತದೆ ಎಂದು ಅವನಿಗೇ ನಗು ಬಂತು.

ಬಸ್ಸು ಕೆರೆಯ ತಿರುವಿಗೆ ಬಂತು. ಪುಸ್ತಕದಲ್ಲಿ ಬಲಕ್ಕಿದ್ದ ಕೆರೆ ಎಡಕ್ಕೆ. ಏರಿಯ ಮೇಲೆ ಸೈಕಲ್ ಒರಗಿಸಿ ದಿವ್ಯ ಕೂತಿದ್ದಳು. ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಪೆನ್ಸಿಲು, ಕಣ್ಣು ಕೆಳಗಿನ ರಸ್ತೆಯ ಮೇಲೆ. ಯೋಗಾನಂದ ಗಕ್ಕನೆ ಸೀಟಿನ ಕೆಳಗೆ ಬಗ್ಗಿದ.

ಬಗ್ಗಿದ ಮೇಲೆ ತಿಳಿಯಿತು, ಇವಳು ಕೂತಿರುವುದು ತನಗಾಗಿ. ಅಪ್ಪ ಬರದೆ ಇವಳು ಏಳುವುದಿಲ್ಲ. ಅಪ್ಪ ಇಲ್ಲಿ ಕಡಲೆಕಾಯಿ ಸಿಪ್ಪೆಯ ನಡುವೆ ತಲೆ ಮುಚ್ಚಿಕೊಂಡು ಮೇಲೆ ಹೋಗುತ್ತಿದ್ದಾನೆ. ಹನ್ನೊಂದಾದರೂ, ಗೇಟು ಬಿದ್ದರೂ, ಆನೆ ಬಂದರೂ ಇವಳು ಕೆಳಗಿನ ರಸ್ತೆಯನ್ನೇ ನೋಡುತ್ತಿರುತ್ತಾಳೆ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಹೋಲ್ಡಾನ್," ಎಂದು ಕೂಗಿದ. ಬಸ್ಸಿನಿಂದಿಳಿದು ಹಿಂದೆ ಓಡಿಬಂದವನ ಶರ್ಟಿಗೆ ಸಿಪ್ಪೆ ಅಂಟಿತ್ತು.

ದಿವ್ಯ ಅವನನ್ನು ನೋಡಿದಳು, ಬಸ್ಸಿನ ಟಾಪಿನ ಮೇಲಿದ್ದ ಸೈಕಲ್ಲನ್ನು ನೋಡಿದಳು, ಅದಕ್ಕೆ ಬಿಗಿದ ತಮ್ಮ ಮನೆಯ ನೀಲಿ ಹಗ್ಗವನ್ನು ನೋಡಿದಳು.

"ಹೋದ ಸಲಾನೂ ಹೀಗೇ ಬಂದಿದ್ದು ಕಣಮ್ಮ," ಎಂದ ಯೋಗಾನಂದ. "ನಾನು ಹತ್ತಿಲ್ಲ. ಇಳಿದಿದ್ದಷ್ಟೇ. ಅದಕ್ಕೇ ನಿನಗೆ ಎಲ್ಲಾ ಉಲ್ಟಾ ಸಿಕ್ತಾ ಇರೋದು."

ದಿವ್ಯಳ ಮುಖ ಸಣ್ಣದಾಯಿತು. "ಚಿಕ್ಕೋಳಿದ್ದಾಗಿಂದ ಎಲ್ರಿಗೂ ಹೇಳ್ಕೊಂಡ್ ಬಂದಿದೀನಿ ನಾನು," ಎಂದಳು. ಬೈದಿದ್ದರೆ ವಾಸಿಯಿತ್ತು. ಮೇಲಿನಿಂದ ಕಂಡಕ್ಟರ್ ಸೀಟಿ ಊದಿದ. ಅವಳು ಪುಸ್ತಕವನ್ನೂ ಪೆನ್ಸಿಲನ್ನೂ ಅವನ ಕೈಗೆ ತುರುಕಿ, "ಹೋಗಿ ಗೇಟಲ್ಲಿ ಹೇಳು, ಇನ್ನೊಬ್ಳು ಬರ್ತಿದಾಳೆ ಅಂತ," ಎಂದು ಪೆಡಲ್ ಮೇಲೆ ಕಾಲಿಟ್ಟಳು.

ಗೇಟಿನ ಮುಂದೆ ಏಳು ಜನರ ಎದುರು ಯೋಗಾನಂದ ಬಸ್ಸಿನಿಂದ ಇಳಿದ. ಹಗ್ಗ ಬಿಚ್ಚುವಾಗ ಗ್ರೀಸು ಅಂಗೈಗೆಲ್ಲ ಬಳಿದುಕೊಂಡಿತು. "ಇದೇ ಆ ಐವತ್ತು ನಿಮಿಷದ ಗುಟ್ಟು," ಎಂದ. ಒಂದಿಬ್ಬರು ನಕ್ಕರು. ವೀರೇಶ ನಗಲಿಲ್ಲ, ಸುಮ್ಮನೆ ಬಂದು ಸೈಕಲ್ಲಿನ ಇನ್ನೊಂದು ತುದಿ ಹಿಡಿದು ಇಳಿಸಿದ. ಹನ್ನೊಂದಕ್ಕೆ ಮೂರು ನಿಮಿಷವಿದ್ದಾಗ ಕೆಂಪಗಾದ ಮುಖದ ದಿವ್ಯ ತುಳಿಯುತ್ತಲೇ ಒಳಗೆ ಬಂದಳು. ಅವಳ ಹಿಂದೆ ಗೇಟು ಬಿತ್ತು.

ಆ ದಿನವಿಡೀ ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ಯೋಗಾನಂದ ಗೆಸ್ಟ್‌ಹೌಸಿನ ಮೆಟ್ಟಿಲ ಮೇಲೆ ಕೂತು, ಪುಟ ಪುಟವೂ ಎಡವನ್ನು ಬಲಕ್ಕೆ, ಬಲವನ್ನು ಎಡಕ್ಕೆ ತಿದ್ದಿದ. ಐವತ್ತು ನಿಮಿಷದ ಮುಂದೆ 'ಇಳಿಯಲು' ಎಂದು ಸೇರಿಸಿದ. ಹತ್ತಲು ಬೇಕಾಗುವ ಸಮಯಕ್ಕೆ ಜಾಗ ಖಾಲಿ ಬಿಟ್ಟು ಪುಸ್ತಕವನ್ನು ಮಗಳ ಪಕ್ಕದಲ್ಲಿಟ್ಟ.

ಬೆಳಿಗ್ಗೆ ಎಲ್ಲರೂ ಇಳಿಯಲು ಸಜ್ಜಾಗಿ ನಿಂತಾಗ ಪುಸ್ತಕ ಅವನ ಸೈಕಲ್ ಕ್ಯಾರಿಯರಿನಲ್ಲಿತ್ತು. ಖಾಲಿ ಜಾಗದಲ್ಲಿ ದಿವ್ಯಳ ಅಕ್ಷರ: 'ಎರಡೂ ಮುಕ್ಕಾಲು ಗಂಟೆ. ಇದರಲ್ಲಿ ಅಪ್ಪನಿಗೆ ಕಾದಿದ್ದು ಅರ್ಧ ಗಂಟೆ.'

"ಇಳಿದಿದ್ದಾದ್ರೂ ನೀನೇ ತಾನೆ?" ಎಂದಳು ದಿವ್ಯ, ಹೆಲ್ಮೆಟ್ಟಿನ ಬೆಲ್ಟು ಬಿಗಿಯುತ್ತ.

"ಅದು ನಾನೇ ಕಣಮ್ಮ."

"ಹಾಗಾದ್ರೆ ಮುಂದೆ ನೀನಿರು."

ಯೋಗಾನಂದ ಮುಂದೆ ಹೊರಟ. ನಾಲ್ಕು ಕಿಲೋಮೀಟರ್ ಇಳಿಯುವಷ್ಟರಲ್ಲಿ ಕೆರೆ ಬಂತು. ಅವನು ಹಿಂದಿರುಗಿ ನೋಡದೆ ಬಲಗೈ ಚಾಚಿ ತೋರಿಸಿದ.