ತವರಿನ ಖರ್ಚು

ಸೀಮಂತದ ಕುಬಸಕ್ಕೆಂದು ತಂದ ಹಸಿರು ಸೀರೆ ಇನ್ನೂ ಮೈಂದರ್ಗಿಯ ತವರುಮನೆಯಲ್ಲೇ ಇತ್ತು. ಅಷ್ಟರಲ್ಲಿ ಶ್ರದ್ಧಾಗೆ ಏಳು ತಿಂಗಳಿಗೇ ಹೆರಿಗೆಯಾಗಿ, ಅಂಗೈಯಷ್ಟಿದ್ದ ಕೂಸನ್ನು ಸೋಲಾಪುರದ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟರು.

"ಚೊಚ್ಚಲ ಬಾಣಂತನದ ಖರ್ಚು ತವರಮನಿದ ಅಲ್ಲೇನ್ರಿ, ಬೀಗರ?" ಎಂದು ಅವಳ ಮಾವ, ಅಕ್ಕಲಕೋಟದ ನಾಗಪ್ಪ, ಬಿಲ್ಲನ್ನು ಅವಳ ಅಪ್ಪ ಗುರುನಾಥನ ಕೈಗಿಟ್ಟ. ಎದುರಾಡಿದರೆ ನಾಳೆ ಮಗಳು ಚುಚ್ಚುಮಾತು ಕೇಳಬೇಕಾದೀತೆಂದು ಗುರುನಾಥ ಅದನ್ನು ಮಡಚಿ ಜೇಬಿಗಿಟ್ಟುಕೊಂಡ. ಬಾವಿ ಪಕ್ಕದ ಹೊಲ ಮಾರಿದ. ದಿನವೂ ದುಡ್ಡು ತುಂಬಿ, ಗಾಜಿನಾಚೆ ಮೊಮ್ಮಗನ ಎದೆ ಏರಿಳಿಯುವುದನ್ನೇ ನೋಡುತ್ತ ನಿಲ್ಲುತ್ತಿದ್ದ. ನಾಗಪ್ಪ ಅತ್ತ ಸುಳಿಯಲಿಲ್ಲ.

ಒಂದು ಬೆಳಿಗ್ಗೆ ಆ ಎದೆ ನಿಂತಿತು. ನರ್ಸ್ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದನ್ನು ಗುರುನಾಥ ಅವಚಿಕೊಂಡು ಹೊರಬಂದಾಗ ನಾಗಪ್ಪ ಎರಡೂ ಕೈ ಚಾಚಿ ನಿಂತಿದ್ದ.

"ಕೊಡ್ರಿ ಇಲ್ಲಿ. ಮಣ್ಣು ನಮ್ಮ ಹೊಲದಾಗ ಆಗಬೇಕು. ನಮ್ಮ ಮನಿ ಕೂಸು ಅದು."